ಹಳೆಯದನ್ನು ಉಳಿಸಿದ ಸುಲ್ತಾನ

ಹಳೆಯ ಸಾಮಾನಿನ ಅಂಗಡಿಯ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದ ಹೊಲಿಗೆಯ ಯಂತ್ರವನ್ನು ಬಹುಮಂದಿ ಗುಜರಿಯೆಂದೆಣಿಸಿ ಮುಂದೆ ಸಾಗುತ್ತಾರೆ. ಎಲ್ಲೋ ಒಬ್ಬರು ಮಾತ್ರ ಅದನ್ನು ಮನೆಗೆ ತಂದು, ಧೂಳು ಕೊಡವಿ, ಎಣ್ಣೆ ಬಿಟ್ಟು, ಮತ್ತೆ ಹೊಲಿಯುವಂತೆ ಮಾಡುತ್ತಾರೆ. ಇಂಥ ಗುಣವುಳ್ಳವನೊಬ್ಬನು ಹಿಂದೆ ದೆಹಲಿಯ ಸಿಂಹಾಸನವನ್ನೇ ಏರಿದ್ದನು. ಅವನೇ ಫಿರೋಜ್ ಷಹ ತುಘಲಕ.

ರಾಜಧಾನಿಯನ್ನು ದೇವಗಿರಿಗೆ ಸಾಗಿಸಿದ ಮಹಮ್ಮದ್ ತುಘಲಕನನ್ನು ನಾವೆಲ್ಲರೂ ಪಾಠದಲ್ಲಿ ಓದಿದ್ದೇವೆ. ಫಿರೋಜನು ಅವನ ಚಿಕ್ಕಪ್ಪನ ಮಗ. 1351ರಲ್ಲಿ ಸಿಂಧ್ ಪ್ರಾಂತದ ಥಟ್ಟಾದ ಬಳಿ ಮಹಮ್ಮದನು ತೀರಿಕೊಳ್ಳಲು, ದಂಡಿನ ಬೀಡಿನಲ್ಲಿಯೇ ಇವನಿಗೆ ಪಟ್ಟವಾಯಿತು. ಅಷ್ಟರಲ್ಲಿ ನಮ್ಮ ಕಡೆ 1336ರಲ್ಲಿ ವಿಜಯನಗರವೂ 1347ರಲ್ಲಿ ಕಲಬುರಗಿಯ ಬಹಮನಿ ರಾಜ್ಯವೂ ತಲೆಯೆತ್ತಿದ್ದುವು. ದಕ್ಷಿಣವು ದೆಹಲಿಯ ಕೈತಪ್ಪಿತ್ತು. ಫಿರೋಜನು ಅದನ್ನು ಮರಳಿ ಗೆಲ್ಲಲು ಹೊರಡಲಿಲ್ಲ. ಅವನ ಮನಸ್ಸು ಕಾಲುವೆ, ಕೆರೆ, ಕಟ್ಟಡಗಳ ಕಡೆಗಿತ್ತು.

ಅಲ್ಲಾವುದ್ದೀನ್ ಖಿಲ್ಜಿಯು ಸಿರಿ ಕೋಟೆಯ ಜನರ ನೀರಿಗಾಗಿ ತೋಡಿಸಿದ್ದ ದೊಡ್ಡ ಕೆರೆಯು ಹೂಳು ತುಂಬಿ ಬತ್ತಿಹೋಗಿತ್ತು. ಜನರು ಅದರ ಅಂಗಳದಲ್ಲಿ ಬೇಸಾಯ ಮಾಡುತ್ತ, ಬಾವಿ ತೋಡಿ ನೀರು ಮಾರುತ್ತಿದ್ದರೆಂದು ಫಿರೋಜನೇ ಬರೆದಿಟ್ಟಿದ್ದಾನೆ. ಅವನು ಹೂಳೆತ್ತಿಸಿ ಕೆರೆಯನ್ನು ತುಂಬಿಸಿದನು. 1352ರಲ್ಲಿ ಅದರ ದಂಡೆಯ ಮೇಲೆ ಒಂದು ಮದ್ರಸಾವನ್ನು ಕಟ್ಟಿಸಿದನು. ಅದೇ ಇಂದಿನ ಹೌಜ್ ಖಾಸ್. 1368ರಲ್ಲಿ ಕುತುಬ್ ಮಿನಾರಿಗೆ ಸಿಡಿಲು ಬಡಿದಾಗ, ಕೆಟ್ಟುಹೋದ ಮೇಲಂತಸ್ತಿನ ಜಾಗದಲ್ಲಿ ಎರಡು ಅಂತಸ್ತುಗಳನ್ನು ಕಟ್ಟಿಸಿದವನೂ ಇವನೇ.

ಇವೆಲ್ಲಕ್ಕಿಂತ ನಮ್ಮನ್ನು ಬೆರಗುಗೊಳಿಸುವುದು ತೋಪ್ರಾ ಗ್ರಾಮದ ಕಲ್ಲುಕಂಬದ ಕಥೆ. ಸುಮಾರು 13 ಮೀಟರು ಉದ್ದದ ಏಕಶಿಲೆ! ಚರಿತ್ರಕಾರ ಅಫೀಫನು ಆ ಕೆಲಸವನ್ನು ವಿವರವಾಗಿ ಬರೆದಿದ್ದಾನೆ. ಮೊದಲು ಕಂಬದ ಸುತ್ತ ಬೂರುಗದ ಅರಳೆಯನ್ನು ರಾಶಿ ಹಾಕಿದರು. ಬುಡವನ್ನು ಅಗೆದಾಗ ಕಂಬವು ಆ ಮೆತ್ತೆಯ ಮೇಲೆ ಒರಗಿತು. ಅರಳೆಯನ್ನು ಸ್ವಲ್ಪಸ್ವಲ್ಪವಾಗಿ ತೆಗೆಯುತ್ತ ಅದನ್ನು ನೆಲಕ್ಕಿಳಿಸಿದರು. ಜೊಂಡು ಮತ್ತು ಹಸಿ ಚರ್ಮ ಸುತ್ತಿ, 42 ಗಾಲಿಗಳ ಬಂಡಿಯಲ್ಲಿ ಯಮುನೆಯವರೆಗೆ ಎಳೆದು, ಅಲ್ಲಿಂದ ದೋಣಿಗಳ ಮೇಲೆ ದೆಹಲಿಗೆ ತಂದರು. ಒಂದು ಚೂರೂ ಮುರಿಯದಂತೆ ತರಬೇಕೆಂಬ ಆ ಎಚ್ಚರವು ಎಂಥದು!

ಕಂಬದ ಲಿಪಿಯನ್ನು ಪಂಡಿತರಾರೂ ಓದಲಾರದೆ ಹೋದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಅದನ್ನು ಓದಿದಾಗ ಪ್ರಿಯದರ್ಶಿಯೆಂಬ ಅರಸನ ಹೆಸರು ಹೊರಬಿತ್ತು. ಆ ಪ್ರಿಯದರ್ಶಿಯು ಅಶೋಕನೇ ಎಂಬುದನ್ನು ಸ್ಥಿರಪಡಿಸಿದ್ದು 1915ರಲ್ಲಿ ದೊರೆತ ನಮ್ಮ ರಾಯಚೂರು ಸೀಮೆಯ ಮಸ್ಕಿಯ ಶಾಸನ. ತಾನು ಕಾಪಾಡಿದ್ದು ಯಾರ ಮಾತೆಂಬುದು ಫಿರೋಜನಿಗೆ ಕೊನೆಗೂ ತಿಳಿಯಲಿಲ್ಲ.

ಆದರೆ ಇವನನ್ನು ಬರಿದೆ ಹೊಗಳುವುದು ನ್ಯಾಯವಲ್ಲ. ಹೊಸದಾಗಿ ಕಟ್ಟಿದ ದೇವಾಲಯಗಳನ್ನು ಕೆಡವಿಸಿದೆನೆಂದು ಬರೆದುಕೊಂಡವನೂ ಇವನೇ. ಅದುವರೆಗೆ ವಿನಾಯಿತಿ ಪಡೆದಿದ್ದ ಬ್ರಾಹ್ಮಣರ ಮೇಲೆಯೂ ಜಿಜಿಯಾ ಹೇರಿದನು. ಯಾರದೋ ಕಂಬಕ್ಕೆ ಅರಳೆಯ ಹಾಸಿಗೆ ಹಾಸಿದ ಕೈಯೇ ತನ್ನ ಪ್ರಜೆಗಳ ಗುಡಿಗೆ ಹಾರೆ ಹಾಕಿಸಿತು. ಎರಡನ್ನೂ ನಾವು ನೆನಪಿನಲ್ಲಿಡಬೇಕು.

1388ರಲ್ಲಿ ಫಿರೋಜನು ಮಡಿದನು. ಹೌಜ್ ಖಾಸಿನಲ್ಲಿ ಮದ್ರಸಾದ ಎರಡು ತೋಳುಗಳು ಕೂಡುವೆಡೆ ಅವನ ಗೋರಿಯಿದೆ. ಅದೂ ಕಾಲಕ್ರಮದಲ್ಲಿ ಶಿಥಿಲವಾಗಲು, ಸಿಕಂದರ್ ಲೋದಿಯು 1507ರ ಸುಮಾರಿಗೆ ದುರಸ್ತಿ ಮಾಡಿಸಿದನೆಂದು ಬಾಗಿಲ ಮೇಲಿನ ಬರಹವು ತಿಳಿಸುತ್ತದೆ.