ಸದಲಗಾದ ವಿದ್ವನ್ಮಣಿ ಡಾ. ಆ. ನೇ. ಉಪಾಧ್ಯೆ

ದೇವಾಲಯದ ಶತಮಾನೋತ್ಸವದ ಸಂಚಿಕೆಯಲ್ಲಿ ಜೈನ ವಿದ್ವಾಂಸರೊಬ್ಬರ ಜೀವನಚರಿತ್ರೆ ಏಕೆ ಎಂದು ವಾಚಕರು ಕೇಳಬಹುದು. ಉತ್ತರವನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಕೃಷ್ಣಾತೀರದ ಈ ಐನಾಪುರ ಸೀಮೆಗೆ ನಾನು ಬಂದ ಹೊಸದರಲ್ಲಿ ಜೈನ ಮನೆತನವೊಂದು ನನ್ನನ್ನು ಊಟಕ್ಕೆ ಆಮಂತ್ರಿಸಿತ್ತು. ಸಂಜೆಯ ಬಲಿಪೂಜೆಯನ್ನು ಮುಗಿಸಿ, ದೀಪ ಹಚ್ಚಿದ ಮೇಲೆ ನಾನು ಹೋದೆ. ಅವರು ನಗುಮೊಗದಿಂದ ಬಡಿಸಿದರು. ತಾವು ಮಾತ್ರ ಯಾರೂ ಉಣ್ಣಲಿಲ್ಲ. ಸೂರ್ಯಾಸ್ತದ ನಂತರ ಉಣ್ಣದಿರುವುದು ಅವರ ನಿಯಮವೆಂದೂ, ನನಗಾಗಿ ಕಾದು ಮನೆಮಂದಿಯೆಲ್ಲ ಅಂದು ಬರಿಹೊಟ್ಟೆಯಲ್ಲಿ ಮಲಗಿದರೆಂದೂ ತಿಳಿದದ್ದು ಮರುದಿನ. ವರ್ಷಗಟ್ಟಲೆ ತತ್ತ್ವಶಾಸ್ತ್ರ ದೈವಶಾಸ್ತ್ರಗಳನ್ನು ವ್ಯಾಸಂಗ ಮಾಡಿ ಬಂದವನಿಗೆ ನೆರೆಮನೆಯ ಊಟದ ಹೊತ್ತು ಗೊತ್ತಿರಲಿಲ್ಲ. ಆ ನಾಚಿಕೆಯೇ ನನ್ನನ್ನು ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರ ಗ್ರಂಥಗಳ ಬಳಿಗೆ ಕರೆದೊಯ್ದಿತು.

ಉಪಾಧ್ಯೆಯವರು ಜನಿಸಿದ್ದು 1906ರ ಫೆಬ್ರವರಿ 6ರಂದು, ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ. ಮುಂದೆ 1946ರಲ್ಲಿ ಇದೇ ಊರಿನಲ್ಲಿ ಆಚಾರ್ಯ ವಿದ್ಯಾಸಾಗರರು ಜನಿಸಿದರು. ಒಂದೇ ಗ್ರಾಮವು ಒಬ್ಬ ಮಹಾವಿರಕ್ತರನ್ನೂ ಒಬ್ಬ ಮಹಾವಿದ್ವಾಂಸರನ್ನೂ ನಾಡಿಗೆ ಕೊಟ್ಟಿತು. ಉಪಾಧ್ಯೆ ಎಂಬ ಮನೆತನದ ಹೆಸರೇ ತಿಳಿಸುವಂತೆ ಅವರದು ದಿಗಂಬರ ಜೈನ ಪುರೋಹಿತ ಪರಂಪರೆ. ತಲೆಮಾರುಗಳಿಂದ ಬಂದ ಈ ಶ್ರದ್ಧೆಯೊಂದಿಗೆ ಅವರು ಹೊಸ ಕಾಲದ ವಿದ್ಯೆಯನ್ನೂ ಅರಸಿ ಹೊರಟರು. ಮುಂಬಯಿ ವಿಶ್ವವಿದ್ಯಾಲಯದಿಂದ 1930ರಲ್ಲಿ ಎಂ. ಎ. ಪದವಿ ಪಡೆದು, ಅದೇ ವರ್ಷ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. 1962ರವರೆಗೆ, ಅಂದರೆ 32 ವರ್ಷಗಳ ಕಾಲ, ಅಲ್ಲಿಯೇ ಪಾಠ ಹೇಳಿದರು.

ಅವರು ಕೈಹಾಕಿದ ಕಾರ್ಯದ ಮಹತ್ತ್ವವನ್ನು ಅರಿಯಲು ಅಂದಿನ ಪರಿಸ್ಥಿತಿಯನ್ನು ನೆನೆಯಬೇಕು. 19ನೆಯ ಶತಮಾನದ ಬಹುಭಾಗ ಐರೋಪ್ಯ ಪಂಡಿತರಲ್ಲಿ ಅನೇಕರು ಜೈನಧರ್ಮವನ್ನು ಬೌದ್ಧಧರ್ಮದ ಶಾಖೆಯೆಂದೇ ಭಾವಿಸಿದ್ದರು. ಜರ್ಮನಿಯ ಹರ್ಮನ್ ಯಾಕೋಬಿಯವರು 1879ರಲ್ಲಿ ಕಲ್ಪಸೂತ್ರವನ್ನು ಸಂಪಾದಿಸಿ, ಅದು ಸ್ವತಂತ್ರವಾದ ಪ್ರಾಚೀನ ಧರ್ಮವೆಂದು ತೋರಿಸಿಕೊಟ್ಟರು. ಆದರೆ ಪಾಶ್ಚಾತ್ಯರ ಕೈಗೆ ಸಿಕ್ಕಿದ್ದು ಹೆಚ್ಚಾಗಿ ಶ್ವೇತಾಂಬರ ಗ್ರಂಥಗಳು. ದಕ್ಷಿಣದ ದಿಗಂಬರ ಗ್ರಂಥಗಳು ಮೂಡಬಿದಿರೆ, ಶ್ರವಣಬೆಳಗೊಳ, ಕೊಲ್ಹಾಪುರ ಮೊದಲಾದೆಡೆಯ ಮಠಗಳ ಭಂಡಾರಗಳಲ್ಲಿ ತಾಳೆಗರಿಗಳಲ್ಲಿದ್ದವು. ಅವುಗಳ ಭಾಷೆ ಪ್ರಾಕೃತ ಅಥವಾ ಸಂಸ್ಕೃತ. ಅನೇಕವುಗಳ ಲಿಪಿ ಹಳೆಯ ಕನ್ನಡ. ಭಾಷೆ ಬಲ್ಲ ಉತ್ತರದವರಿಗೆ ಲಿಪಿ ತಿಳಿಯದು. ಲಿಪಿ ಬಲ್ಲ ನಮ್ಮವರಿಗೆ ಭಾಷೆ ತಿಳಿಯದು. ಕನ್ನಡ, ಮರಾಠಿ, ಸಂಸ್ಕೃತ, ಪ್ರಾಕೃತ, ಇಂಗ್ಲಿಷುಗಳನ್ನು ಬಲ್ಲ ಈ ಗಡಿನಾಡಿನ ವಿದ್ವಾಂಸರು ಆ ಅಂತರಕ್ಕೆ ಸೇತುವೆಯಾದರು.

ಅವರ ಕ್ರಮ ಹೀಗಿತ್ತು: ಒಂದು ಗ್ರಂಥದ ದೊರೆತಷ್ಟು ಪ್ರತಿಗಳನ್ನು ಕೂಡಿಸುವುದು, ಸಾಲುಸಾಲಾಗಿ ಹೋಲಿಸುವುದು, ಪಾಠಭೇದಗಳನ್ನು ಅಡಿಯಲ್ಲಿ ನಮೂದಿಸುವುದು, ಅನಂತರ ಕರ್ತೃವಿನ ಕಾಲದೇಶಗಳನ್ನು ನಿರ್ಣಯಿಸುವುದು. 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನೂ, 1937ರಲ್ಲಿ ಜೋಇಂದುವಿನ ಪರಮಾತ್ಮಪ್ರಕಾಶವನ್ನೂ ಹೊರತಂದರು. ವರಾಂಗಚರಿತದ ತಾಳೆಗರಿಯನ್ನು ಕೊಲ್ಹಾಪುರದ ಲಕ್ಷ್ಮೀಸೇನ ಮಠದ ಸಂಗ್ರಹದಲ್ಲಿ ಕಂಡು, ಅದರ ಕರ್ತೃ ಜಟಾಸಿಂಹನಂದಿಯೆಂದು ಸ್ಥಾಪಿಸಿ, 1938ರಲ್ಲಿ ಪ್ರಕಟಿಸಿದರು. ಆ ಆಚಾರ್ಯರ ಪಾದಗಳ ಗುರುತು ನಮ್ಮ ಕೊಪ್ಪಳದ ಬೆಟ್ಟದ ಮೇಲಿದೆ. 1943ರಲ್ಲಿ ಬೃಹತ್ಕಥಾಕೋಶ ಬಂದಾಗ ಅದರ ಪೀಠಿಕೆಯಲ್ಲಿ ಕನ್ನಡದ ವಡ್ಡಾರಾಧನೆಯ ಕಥೆಗಳ ಮೂಲವನ್ನೂ ಚರ್ಚಿಸಿದರು. ಕ್ರಿ. ಶ. 779ರ ಕುವಲಯಮಾಲಾ ಎಂಬ ಪ್ರಾಕೃತ ಕಥೆಯನ್ನು 1959ರಲ್ಲೂ 1970ರಲ್ಲೂ ಎರಡು ಭಾಗಗಳಾಗಿ ಪ್ರಕಟಿಸಿದರು. ಡಾ. ಹೀರಾಲಾಲ ಜೈನರು 1939ರಿಂದ ಧವಲಾ ಟೀಕೆಯನ್ನು ಹೊರತರತೊಡಗಿದಾಗ ಅವರಿಗೂ ಹೆಗಲು ಕೊಟ್ಟರು.

ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಅವರು ಯಾಪನೀಯ ಸಂಘದ ಮೇಲೆ ನಡೆಸಿದ ಸಂಶೋಧನೆ. ಯಾಪನೀಯರು ಒಮ್ಮೆ ನಮ್ಮ ಈ ಪ್ರದೇಶದಲ್ಲಿಯೇ ಬಲವಾಗಿದ್ದ ಜೈನ ಪಂಥದವರು. ಅವರ ಯತಿಗಳು ದಿಗಂಬರರಂತೆ ನಗ್ನರಾಗಿರುತ್ತಿದ್ದರು. ಆದರೆ ಸ್ತ್ರೀಗೂ ಆ ಜನ್ಮದಲ್ಲಿಯೇ ಮೋಕ್ಷವುಂಟೆಂದು ಶ್ವೇತಾಂಬರರಂತೆ ನಂಬುತ್ತಿದ್ದರು. ಖಾನಾಪುರ ತಾಲ್ಲೂಕಿನ ಹಲಸಿಯ ಕದಂಬ ತಾಮ್ರಪಟಗಳಲ್ಲಿ, ಅಂದರೆ 5ನೆಯ ಶತಮಾನದಷ್ಟು ಹಿಂದೆಯೇ, ಅವರ ಹೆಸರಿದೆ. ಅಮೋಘವರ್ಷನ ಕಾಲದ ವೈಯಾಕರಣಿ ಶಾಕಟಾಯನನು ಯಾಪನೀಯನೇ. ಸ್ತ್ರೀಮುಕ್ತಿಯನ್ನು ಸಮರ್ಥಿಸಿ ಅವನು ಒಂದು ಪ್ರಕರಣವನ್ನು ಬರೆದನು. ಕಾಲಕ್ರಮದಲ್ಲಿ ಈ ಪಂಥ ಅಳಿಯಿತು. ಅವರ ಹೆಸರು ಕೊನೆಗೆ ಕಾಣುವ ಶಾಸನಗಳಲ್ಲೊಂದು 1394ರದು; ಅದಿರುವುದು ಇಂದು ನಮ್ಮ ತಾಲ್ಲೂಕು ಕೇಂದ್ರವಾಗಿರುವ ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿ.

ಉಪಾಧ್ಯೆಯವರು ಹುಟ್ಟಿದ ದಿಗಂಬರ ಸಂಪ್ರದಾಯವು ಸ್ತ್ರೀಮುಕ್ತಿಯನ್ನು ಒಪ್ಪದು. ಈ ಪಂಥದ ನೆನಪನ್ನು ಮರೆವಿಗೇ ಬಿಟ್ಟಿದ್ದರೆ ಅವರನ್ನು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. 1933ರಲ್ಲಿ, 27ನೆಯ ವಯಸ್ಸಿನಲ್ಲಿ, ಯಾಪನೀಯರ ಕುರಿತು ಲೇಖನ ಬರೆದರು. ಮರಣಕ್ಕೆ ಒಂದು ವರ್ಷ ಮುಂಚೆ, 1974ರಲ್ಲಿ, ಹೊಸ ಆಧಾರಗಳೊಂದಿಗೆ ಮತ್ತೆ ಅದೇ ವಿಷಯಕ್ಕೆ ಮರಳಿದರು. ತಮ್ಮವರಿಗೆ ಪ್ರಿಯವಾದುದನ್ನು ಮಾತ್ರ ಹೇಳದೆ, ಇದ್ದುದನ್ನು ಇದ್ದಂತೆ ಹೇಳಿದರು. ನಮ್ಮ ಧರ್ಮಸಭೆಯಲ್ಲಿಯೂ ಇಂಥ ಪರಂಪರೆಯುಂಟು. ಬೊಲ್ಲಾಂಡಿಸ್ಟರೆಂದು ಹೆಸರಾದ ಯೇಸುಸಭೆಯ ಗುರುಗಳು 1643ರಿಂದ ಸಂತರ ಚರಿತ್ರೆಗಳನ್ನು ಶೋಧಿಸಿ ಪ್ರಕಟಿಸುತ್ತ, ದಂತಕಥೆಯನ್ನು ಇತಿಹಾಸದಿಂದ ಬೇರ್ಪಡಿಸಿದರು. ಕೆಲವು ಭಕ್ತರು ಕುಪಿತರಾದರು. ಆದರೆ ಸಂತರ ಮೇಲಿನ ಭಕ್ತಿ ಅದರಿಂದ ಕ್ಷೀಣಿಸಲಿಲ್ಲ. ಸತ್ಯಕ್ಕೆ ಅಂಜುವ ಭಕ್ತಿ ಇನ್ನೂ ಬಲಿಯದ ಭಕ್ತಿಯೇ ಸರಿ.

ಗೌರವಗಳು ತಾವಾಗಿ ಬಂದವು. 1966ರಲ್ಲಿ ಅಲಿಗಢದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನಕ್ಕೂ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೂ ಅವರು ಅಧ್ಯಕ್ಷರಾದರು. ಕೊನೆಯ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವನ್ನು ಕಟ್ಟಿ ಬೆಳೆಸಿದರು. ಒಂದು ಧರ್ಮವನ್ನು ಆ ಧರ್ಮದವರಲ್ಲದ ವಿದ್ಯಾರ್ಥಿಗಳೂ ಓದಿ ಪದವಿ ಪಡೆಯುವಂತಾದುದು ಸಮಾಜಕ್ಕೆ ಆದ ದೊಡ್ಡ ಲಾಭ. 1975ರ ಅಕ್ಟೋಬರ್ 8ರಂದು ಕೊಲ್ಹಾಪುರದಲ್ಲಿ ಅವರು ನಿಧನರಾದರು.

ಧರ್ಮವು ಸಮಾಜವನ್ನು ಕೂಡಿಸುವುದೋ ಒಡೆಯುವುದೋ ಎಂಬ ಪ್ರಶ್ನೆ ಇಂದು ಎಲ್ಲೆಡೆ ಕೇಳಿಬರುತ್ತಿದೆ. ಉಪಾಧ್ಯೆಯವರ ಬಾಳಿನಿಂದ ನಾನು ಕಲಿತದ್ದು ಇಷ್ಟು: ಆಚರಿಸುವವರೇ ತಮ್ಮ ಧರ್ಮವನ್ನು ಅಭ್ಯಾಸ ಮಾಡದಿದ್ದರೆ ಅದು ಬರಿಯ ಅಭಿಮಾನವಾಗುತ್ತದೆ, ನೆರೆಯವರು ಅಭ್ಯಾಸ ಮಾಡದಿದ್ದರೆ ಅದರ ಸುತ್ತ ವದಂತಿ ಬೆಳೆಯುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರ ಘೋಷಣೆಯಲ್ಲಿ ಅನ್ಯಧರ್ಮೀಯರೊಡನೆ ಗೌರವಪೂರ್ವಕ ಸಂವಾದಕ್ಕೆ ನಮ್ಮನ್ನು ಕರೆಯಿತು. ಆ ಘೋಷಣೆಯಲ್ಲಿ ಜೈನರ ಹೆಸರಿಲ್ಲ. ಅದನ್ನು ಸೇರಿಸಿಕೊಳ್ಳುವ ಹೊಣೆ ಅವರ ನಡುವೆ ಬಾಳುವ ನಮ್ಮದು.

ಶತಮಾನೋತ್ಸವದ ಈ ವರ್ಷದಲ್ಲಿ ಧರ್ಮಕೇಂದ್ರದ ಬಾಂಧವರಲ್ಲಿ ನನ್ನದು ಎರಡು ವಿನಂತಿಗಳು. ನಮ್ಮ ಹಳೆಯ ದೀಕ್ಷಾಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ, ನಮಗೆ ಮೆಚ್ಚುಗೆಯಾಗದ ಪುಟಗಳನ್ನೂ ಬಿಡದೆ, ಪ್ರತಿ ಮಾಡಿಡೋಣ. ಹಾಗೆಯೇ ಕಾಗವಾಡದ ಬಸದಿಯ ಮುಂದೆ ಹಾದುಹೋಗುವಾಗ, ಅದು ಅನ್ಯರದೆಂದು ಮುಖ ತಿರುಗಿಸದೆ, ಅಲ್ಲಿಯ ಹಿರಿಯರನ್ನು ನಾಲ್ಕು ಮಾತು ಕೇಳಿ ತಿಳಿದುಕೊಳ್ಳೋಣ. ನನ್ನನ್ನು ಅಂದು ಊಟಕ್ಕೆ ಕರೆದ ಆ ಮನೆಯವರು ಈಗಲೂ ಕರೆಯುತ್ತಾರೆ. ಈಗ ನಾನು ಹೊತ್ತು ಮುಳುಗುವ ಮುನ್ನವೇ ಹೋಗುತ್ತೇನೆ. ಎಲ್ಲರೂ ಕೂಡಿ ಉಣ್ಣುತ್ತೇವೆ.