ಆದಾಯ ತೆರಿಗೆಯನ್ನು ತಂದ ಜೇಮ್ಸ್ ವಿಲ್ಸನ್

ಪ್ರತಿ ವರ್ಷ ಆದಾಯ ತೆರಿಗೆಯ ವಿವರ ಸಲ್ಲಿಸುವ ನಾವು, ಈ ತೆರಿಗೆ ನಮ್ಮ ದೇಶದಲ್ಲಿ ಯುದ್ಧದ ಸಾಲದಿಂದ ಹುಟ್ಟಿತೆಂಬುದನ್ನು ಮರೆತಿದ್ದೇವೆ. ಇದನ್ನು ತಂದವರು ಜೇಮ್ಸ್ ವಿಲ್ಸನ್.

1805ರಲ್ಲಿ ಸ್ಕಾಟ್ಲೆಂಡಿನ ಹಾವಿಕ್ ಪಟ್ಟಣದಲ್ಲಿ ಜನಿಸಿದ ವಿಲ್ಸನ್ ಟೋಪಿ ತಯಾರಿಕೆಯಿಂದ ಬದುಕು ಆರಂಭಿಸಿದರು. 1843ರಲ್ಲಿ 'ದಿ ಎಕನಾಮಿಸ್ಟ್' ಪತ್ರಿಕೆಯನ್ನು ಸ್ಥಾಪಿಸಿದರು. ಮುಂದೆ ಬ್ರಿಟಿಷ್ ಸಂಸತ್ತಿನ ಸದಸ್ಯರಾದರು. 1857ರ ಸ್ವಾತಂತ್ರ್ಯ ಸಂಗ್ರಾಮವನ್ನು ಅಡಗಿಸಿದ ಸೇನಾವೆಚ್ಚದಿಂದ ಭಾರತದ ಬೊಕ್ಕಸ ಬರಿದಾಗಿತ್ತು. ಅದನ್ನು ಸರಿಪಡಿಸಲು 1859ರ ಕೊನೆಯಲ್ಲಿ ಅವರು ಕಲ್ಕತ್ತೆಗೆ ಬಂದರು.

1860ರ ಫೆಬ್ರವರಿ 18ರಂದು ಅವರು ಆಯವ್ಯಯ ಮಂಡಿಸಿದರು. ವರ್ಷಕ್ಕೆ 200 ರೂಪಾಯಿಯಿಂದ 500 ರೂಪಾಯಿವರೆಗಿನ ಆದಾಯಕ್ಕೆ ಶೇ. 2, ಅದಕ್ಕೂ ಮೇಲ್ಪಟ್ಟರೆ ಶೇ. 4 ತೆರಿಗೆ ಬಿತ್ತು. ತೆರಿಗೆಯ ಬದಲು ವೆಚ್ಚವನ್ನೇ ತಗ್ಗಿಸಬೇಕೆಂದು ಬಹಿರಂಗವಾಗಿ ವಿರೋಧಿಸಿದ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಹುದ್ದೆ ಕಳೆದುಕೊಂಡರು. ಜುಲೈ 24ರಂದು ಕಾನೂನು ಜಾರಿಗೆ ಬಂತು. ಆಗಸ್ಟ್ 11ರಂದು ವಿಲ್ಸನ್ ಆಮಶಂಕೆಯಿಂದ ಕಲ್ಕತ್ತೆಯಲ್ಲೇ ನಿಧನರಾದರು.

ಐದು ವರ್ಷಗಳಿಗೆಂದು ವಿಧಿಸಿದ ಈ ತೆರಿಗೆ 1865ರಲ್ಲಿ ನಿಂತರೂ ಮರಳಿ ಬಂದು, 1886ರ ಕಾಯಿದೆಯಿಂದ ನೆಲೆಯೂರಿತು. ತಮ್ಮನ್ನು ಅಡಗಿಸಿದ ವೆಚ್ಚವನ್ನು ಅಂದಿನ ಭಾರತೀಯರೇ ತೆತ್ತರು. ಪ್ರಶ್ನಿಸಲು ಅವರಿಗೆ ಮತದ ಹಕ್ಕಿರಲಿಲ್ಲ. ನಮಗಿದೆ. ತೆರಿಗೆ ಸಲ್ಲಿಸುವಷ್ಟೇ ಶ್ರದ್ಧೆಯಿಂದ ಅದರ ಲೆಕ್ಕ ಕೇಳುವುದೂ ನಮ್ಮ ಕರ್ತವ್ಯ.