ಲೆಕ್ಕ ಕೇಳಿದ ಮಾಸ್ತರರು: ಗೋಪಾಲ ಕೃಷ್ಣ ಗೋಖಲೆ



ಊರಿನ ರಸ್ತೆ ಕೆಟ್ಟಿದೆ, ಕೆರೆಗೆ ನೀರು ಬಂದಿಲ್ಲ, ಶಾಲೆಗೆ ಕೊಠಡಿ ಸಾಲದು ಎಂದಾಗ ನಮ್ಮ ಹಿರಿಯರು ಮೊದಲು ನೆನೆಯುವುದು ಆಮದಾರರನ್ನು. ಆ ಆಮದಾರರು ಮುಂಬಯಿಯ ಇಲ್ಲವೆ ನಾಗಪುರದ ಅಧಿವೇಶನದಲ್ಲಿ ಎದ್ದು ನಿಂತು ಮಂತ್ರಿಗಳನ್ನು ಪ್ರಶ್ನಿಸುತ್ತಾರೆ. ಇಷ್ಟು ಹಣ ಮಂಜೂರಾಗಿತ್ತು, ಎಷ್ಟು ಖರ್ಚಾಯಿತು, ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಮಂತ್ರಿಗಳು ಉತ್ತರ ಕೊಡಲೇಬೇಕು. ಇದಕ್ಕೆ ಮರಾಠಿಯಲ್ಲಿ ತಾರಾಂಕಿತ ಪ್ರಶ್ನೆ ಎನ್ನುತ್ತಾರೆ, ಕನ್ನಡದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಎನ್ನುತ್ತಾರೆ. ಹೆಸರು ಎರಡಾದರೂ ಕೆಲಸ ಒಂದೇ: ಜನರ ಹಣಕ್ಕೆ ಜನರ ಮುಂದೆ ಲೆಕ್ಕ ಒಪ್ಪಿಸುವುದು.

ಈ ಹಕ್ಕು ನಮಗೆ ಒಂದೇ ದಿನದಲ್ಲಿ ಬಂದದ್ದಲ್ಲ. ಉತ್ತರ ಕೊಡುವ ಮನಸ್ಸೇ ಇಲ್ಲದ ಸರ್ಕಾರದ ಎದುರಿಗೆ ನಿಂತು, ಸೋಲುವೆನೆಂದು ತಿಳಿದೂ ವರ್ಷ ವರ್ಷ ಲೆಕ್ಕ ಕೇಳಿದ ಮಹನೀಯರು ಇದಕ್ಕೆ ದಾರಿ ಮಾಡಿದರು. ಅವರಲ್ಲಿ ಅಗ್ರಗಣ್ಯರು ಗೋಪಾಲ ಕೃಷ್ಣ ಗೋಖಲೆಯವರು. ಅವರು ಮಹಾತ್ಮಾ ಗಾಂಧಿಯವರ ರಾಜಕೀಯ ಗುರುಗಳೆಂಬುದು ನಿಮಗೆಲ್ಲ ಗೊತ್ತು. ಆದರೆ ಅವರು ಮೊದಲಿಗೆ ಒಬ್ಬ ಶಾಲಾ ಮಾಸ್ತರರಾಗಿದ್ದರು, ಅವರ ಕೀರ್ತಿಯ ಹಿಂದೆ ನಮ್ಮ ಸೊಲ್ಲಾಪುರದ ಇನ್ನೊಬ್ಬ ಮಾಸ್ತರರಿದ್ದರು ಎಂಬ ಸಂಗತಿ ಬಹುಮಂದಿಗೆ ತಿಳಿಯದು.

ಗೋಖಲೆಯವರು 1866ನೆಯ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಕೃಷ್ಣರಾಯರು ಕೊಲ್ಲಾಪುರದ ಬಳಿಯ ಕಾಗಲದಲ್ಲಿ ಸಣ್ಣ ನೌಕರಿಯಲ್ಲಿದ್ದರು. ಕಾಗಲವೆಂದರೆ ದೂರದ ಊರಲ್ಲ, ಕನ್ನಡ ಮಾತನಾಡುವ ನಿಪ್ಪಾಣಿಗೆ ನೆರೆಯ ಊರು. ಬಾಲಕ ಗೋಪಾಲನ ಮೊದಲ ಅಕ್ಷರಾಭ್ಯಾಸ ಅಲ್ಲಿಯೇ ಆಯಿತು.

ಹದಿಮೂರು ವರ್ಷ ತುಂಬುವ ಸುಮಾರಿಗೆ, 1879ರಲ್ಲಿ, ತಂದೆ ತೀರಿಕೊಂಡರು. ಸಂಸಾರದ ಭಾರ ಅಣ್ಣ ಗೋವಿಂದರಾಯನ ಮೇಲೆ ಬಿದ್ದಿತು. ಅವನು ತನ್ನ ಓದನ್ನು ಬಿಟ್ಟು ತಿಂಗಳಿಗೆ 15 ರೂಪಾಯಿಯ ನೌಕರಿ ಹಿಡಿದನು. ಅದರಲ್ಲಿ 8 ರೂಪಾಯಿಗಳನ್ನು ಕೊಲ್ಲಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಕಳಿಸುತ್ತಿದ್ದನು. ಉಳಿದ 7 ರೂಪಾಯಿಯಲ್ಲಿ ಮನೆ ನಡೆಯಬೇಕಾಗಿತ್ತು. ಆ ಎಂಟು ರೂಪಾಯಿಯ ಬೆಲೆ ಗೋಪಾಲನಿಗೆ ಗೊತ್ತಿತ್ತು. ದೀಪದ ಎಣ್ಣೆ ಉಳಿಯಲೆಂದು ಅವನು ಬೀದಿಯ ದೀಪದ ಕೆಳಗೆ ಕುಳಿತು ಓದಿದನು. ಮುಂದೆ ಕೋಟಿ ಕೋಟಿ ರೂಪಾಯಿಗಳ ಲೆಕ್ಕವನ್ನು ಪರೀಕ್ಷಿಸಿದ ಕಣ್ಣುಗಳು ಒಂದೊಂದು ರೂಪಾಯಿಯನ್ನೂ ಎಣಿಸಲು ಕಲಿತದ್ದು ಈ ಬಡತನದಲ್ಲಿ.

1884ರಲ್ಲಿ ಮುಂಬಯಿಯ ಎಲ್ಫಿನ್ಸ್ಟನ್ ಕಾಲೇಜಿನಿಂದ ಬಿ.ಎ. ಪದವಿ ಪಡೆದಾಗ ಅವರಿಗೆ ಕೇವಲ ಹದಿನೆಂಟು ವರ್ಷ. ದೊಡ್ಡ ಸರ್ಕಾರಿ ನೌಕರಿ ಹಿಡಿಯಬಹುದಾಗಿತ್ತು. ಆದರೆ ಅವರು ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಮಾಸ್ತರರಾದರು. ಮುಂದೆ ಫರ್ಗ್ಯುಸನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ 1902ರವರೆಗೂ ದುಡಿದರು. ಇಂಗ್ಲಿಷ್, ಗಣಿತ, ಇತಿಹಾಸ, ಅರ್ಥಶಾಸ್ತ್ರ, ಯಾವುದನ್ನು ಕಲಿಸಬೇಕೆಂದರೂ ಸಿದ್ಧರಾಗುತ್ತಿದ್ದರು. ಶಾಲೆಗಳಿಗಾಗಿ ಅವರು ಬರೆದ ಅಂಕಗಣಿತದ ಪುಸ್ತಕ ಬಹುಕಾಲ ಮಕ್ಕಳ ಕೈಯಲ್ಲಿತ್ತು.

ಈ ಕಾಲದಲ್ಲಿ ಅವರಿಗೆ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಗುರುಗಳಾಗಿ ದೊರೆತರು. ರಾನಡೆಯವರು ಶಿಷ್ಯನಿಗೆ ಭಾಷಣ ಮಾಡುವುದನ್ನು ಕಲಿಸಲಿಲ್ಲ. ಸರ್ಕಾರದ ವರದಿಗಳನ್ನು ಓದುವುದನ್ನು ಕಲಿಸಿದರು. ಕಂದಾಯ ಎಷ್ಟು, ಉಪ್ಪಿನ ತೆರಿಗೆ ಎಷ್ಟು, ಸೈನ್ಯಕ್ಕೆ ಎಷ್ಟು, ಶಾಲೆಗೆ ಎಷ್ಟು ಎಂದು ಸಾಲು ಸಾಲಾಗಿ ನೋಡುವುದು, ಹಳೆಯ ವರ್ಷಗಳೊಡನೆ ಹೋಲಿಸುವುದು, ತಪ್ಪಿದ್ದರೆ ಮತ್ತೆ ಬರೆಯುವುದು, ಹೀಗೆ ವರ್ಷಗಟ್ಟಲೆ ಸಾಧನೆ ನಡೆಯಿತು.

ಈ ಸಾಧನೆಯಲ್ಲಿ ಅವರಿಗೆ ನೆರವಾದ ಇನ್ನೊಬ್ಬರು ಗಣೇಶ ವೆಂಕಟೇಶ ಜೋಶಿಯವರು. ಜೋಶಿಯವರು ಸರ್ಕಾರಿ ಹೈಸ್ಕೂಲಿನ ಹೆಡ್ಮಾಸ್ತರರು, ಸೊಲ್ಲಾಪುರದಲ್ಲಿ ನೆಲೆಸಿದ್ದರು. ಸಭೆಗಳಲ್ಲಿ ಮೆರೆಯುವ ಸ್ವಭಾವ ಅವರದಲ್ಲ. ಆದರೆ ಭಾರತದ ಹಣಕಾಸಿನ ಅಂಕಿ ಅಂಶಗಳಲ್ಲಿ ಅವರಿಗೆ ಸಮಾನರಾದವರು ಆಗ ವಿರಳ. ಗೋಖಲೆಯವರು ಸರ್ಕಾರದ ಕಾಗದಪತ್ರಗಳನ್ನು ಅವರಿಗೆ ಕಳಿಸುವರು. ಜೋಶಿಯವರು ಅವನ್ನು ತೂಗಿ ನೋಡಿ ಟಿಪ್ಪಣಿ ಬರೆದು ಹಿಂದಿರುಗಿಸುವರು. ಕಲಕತ್ತೆಯಲ್ಲಿ ವೈಸರಾಯರ ಮುಂದೆ ಆಡಿದ ಮಾತಿಗೆ ಆಧಾರ ಸೊಲ್ಲಾಪುರದ ಒಬ್ಬ ಮಾಸ್ತರರ ಮೇಜಿನ ಮೇಲೆ ಸಿದ್ಧವಾಗಿತ್ತು ಎಂಬುದು ನಮಗೆ ಹೆಮ್ಮೆಯ ವಿಷಯವಲ್ಲವೆ?

1897ರಲ್ಲಿ ಭಾರತದ ಖರ್ಚುವೆಚ್ಚಗಳ ವಿಚಾರಣೆಗಾಗಿ ನೇಮಕವಾಗಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ಗೋಖಲೆಯವರು ಲಂಡನ್ನಿಗೆ ಹೋದರು. ಆಗ ಅವರಿಗಿನ್ನೂ ಮೂವತ್ತೊಂದು ತುಂಬಿರಲಿಲ್ಲ. ನುರಿತ ಅಧಿಕಾರಿಗಳು ಕೇಳಿದ ಪ್ರಶ್ನೆಗಳಿಗೆಲ್ಲ ಅವರು ಅಂಕಿಗಳನ್ನು ಮುಂದಿಟ್ಟು ಉತ್ತರ ಕೊಟ್ಟು ಎಲ್ಲರ ಮೆಚ್ಚುಗೆ ಗಳಿಸಿದರು.

ಆದರೆ ಅದೇ ಪ್ರವಾಸದಲ್ಲಿ ಅವರ ಜೀವನದ ದೊಡ್ಡ ಕಷ್ಟವೂ ಒದಗಿತು. ಪುಣೆಯಲ್ಲಿ ಪ್ಲೇಗು ಹಬ್ಬಿತ್ತು. ಮನೆ ತಪಾಸಣೆಗೆ ಬಂದ ಗೋರಾ ಸೈನಿಕರು ಹೆಂಗಸರ ಮೇಲೆ ಅತ್ಯಾಚಾರ ನಡೆಸಿದರೆಂದು ಸ್ನೇಹಿತರ ಪತ್ರಗಳು ಬಂದವು. ಅವನ್ನು ನಂಬಿ ಗೋಖಲೆಯವರು ಇಂಗ್ಲೆಂಡಿನ ಪತ್ರಿಕೆಗೆ ಹೇಳಿಕೆ ಕೊಟ್ಟರು. ಸರ್ಕಾರ ಪುರಾವೆ ಕೇಳಿತು. ಊರಿಗೆ ಮರಳಿ ವಿಚಾರಿಸಿದರೆ, ಹೆಸರು ಕೊಟ್ಟು ಮುಂದೆ ಬರಲು ಯಾರೂ ಸಿದ್ಧರಿರಲಿಲ್ಲ. ಪತ್ರ ಬರೆದವರ ಹೆಸರು ಹೇಳಿ ತಾವು ಪಾರಾಗಬಹುದಾಗಿತ್ತು, ಹಾಗೆ ಮಾಡಲಿಲ್ಲ. ಆಡಿದ ಮಾತನ್ನು ಸಿದ್ಧಪಡಿಸಲಾರೆನೆಂದು ಒಪ್ಪಿ ಬಹಿರಂಗವಾಗಿ ಕ್ಷಮೆ ಕೇಳಿದರು. ಸ್ವಂತ ಜನರೇ ಅವರನ್ನು ಹೇಡಿ ಎಂದು ಜರೆದರು. ಸೂಕ್ಷ್ಮ ಮನಸ್ಸಿನ ಗೋಖಲೆಯವರು ಬಹಳ ನೊಂದರು. ಆದರೆ ಆ ನೋವೇ ಅವರಿಗೆ ಪಾಠವಾಯಿತು. ಅಂದಿನಿಂದ ಅವರು ಕೈಯಲ್ಲಿ ಆಧಾರವಿಲ್ಲದ ಒಂದು ಮಾತನ್ನೂ ಸಭೆಯಲ್ಲಿ ಆಡದಂತೆ ಎಚ್ಚರ ವಹಿಸಿದರು.

1899ರಲ್ಲಿ ಅವರು ಮುಂಬಯಿ ಶಾಸನಸಭೆಗೆ ಆಯ್ಕೆಯಾದರು. ಬರಗಾಲದ ದಿನಗಳವು. 1901ರಲ್ಲಿ ಸರ್ಕಾರ ರೈತರ ಭೂಮಿಯ ಹಕ್ಕನ್ನು ಮೊಟಕುಗೊಳಿಸುವ ಕಂದಾಯ ಮಸೂದೆ ತಂದಾಗ ಅದನ್ನು ವಿರೋಧಿಸಿ, ಫಿರೋಜಶಹಾ ಮೆಹತಾ ಅವರೊಡನೆ ಸಭೆಯಿಂದ ಹೊರನಡೆದರು. ಆಗಿನ ಕಾಲಕ್ಕೆ ಇದು ಕೇಳರಿಯದ ಸಂಗತಿ.

1902ರಲ್ಲಿ ಅವರು ಕಲಕತ್ತೆಯಲ್ಲಿ ಸೇರುತ್ತಿದ್ದ ವೈಸರಾಯರ ಶಾಸನಸಭೆಯ ಸದಸ್ಯರಾದರು. ಆ ಸಭೆ ಹೇಗಿತ್ತೆಂದು ತಿಳಿದರೆ ಮಾತ್ರ ಅವರ ಧೈರ್ಯ ನಮಗೆ ಅರ್ಥವಾದೀತು. 1861ರ ಕಾಯಿದೆಯಂತೆ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕೇ ಇರಲಿಲ್ಲ. 1892ರ ಕಾಯಿದೆ ಎರಡು ಸಣ್ಣ ಬಾಗಿಲುಗಳನ್ನು ತೆರೆಯಿತು. ಮುಂಚಿತವಾಗಿ ಸೂಚನೆ ಕೊಟ್ಟು ಪ್ರಶ್ನೆ ಕೇಳಬಹುದು; ವರ್ಷಕ್ಕೊಮ್ಮೆ ಅಂದಾಜುಪತ್ರಿಕೆಯ ಮೇಲೆ ಮಾತನಾಡಬಹುದು. ಆದರೆ ಉತ್ತರ ಸಮರ್ಪಕವಾಗದಿದ್ದರೆ ಮರುಪ್ರಶ್ನೆ ಹಾಕುವಂತಿಲ್ಲ. ಅಂದಾಜುಪತ್ರಿಕೆಗೆ ಮತ ಹಾಕುವಂತಿಲ್ಲ. ಒಂದು ಪೈಸೆಯನ್ನೂ ಕಡಿಮೆ ಮಾಡಿಸುವಂತಿಲ್ಲ. ಸಭೆಯಲ್ಲಿ ಬಹುಮತ ಸರ್ಕಾರದ್ದೇ.

1902ನೆಯ ಮಾರ್ಚ್ 26ರಂದು ಅಂದಾಜುಪತ್ರಿಕೆಯ ಮೇಲೆ ಅವರ ಮೊದಲ ಭಾಷಣ ನಡೆಯಿತು. ಅಧ್ಯಕ್ಷಪೀಠದಲ್ಲಿ ಲಾರ್ಡ್ ಕರ್ಜನ್. ಆ ವರ್ಷ ಸರ್ಕಾರದ ಬೊಕ್ಕಸದಲ್ಲಿ 7 ಕೋಟಿ ರೂಪಾಯಿ ಉಳಿತಾಯವಾಗಿತ್ತು. ಅಭಿನಂದನೆಗಳು ಸಲ್ಲುತ್ತಿದ್ದವು. ಗೋಖಲೆಯವರು ಮಾತ್ರ ತಮ್ಮ ಮನಸ್ಸಾಕ್ಷಿ ಈ ಅಭಿನಂದನೆಗೆ ಒಪ್ಪದೆಂದು ಹೇಳಿ ಲೆಕ್ಕ ಬಿಡಿಸತೊಡಗಿದರು.

ಆ ಲೆಕ್ಕವನ್ನು ನೀವೂ ಮಾಡಿ ನೋಡಬಹುದು. ಭಾರತ ಸರ್ಕಾರ ವರ್ಷ ವರ್ಷ ಇಂಗ್ಲೆಂಡಿಗೆ ಪೌಂಡುಗಳಲ್ಲಿ ಹಣ ಕಳಿಸಬೇಕಾಗಿತ್ತು. ಒಂದು ಪೌಂಡಿಗೆ 240 ಪೆನ್ಸ್. 1894-95ರಲ್ಲಿ ರೂಪಾಯಿಯ ಬೆಲೆ ಸುಮಾರು 13 ಪೆನ್ಸಿಗೆ ಇಳಿದಿತ್ತು. ಆಗ ಒಂದು ಪೌಂಡಿಗೆ ಹದಿನೆಂಟೂವರೆ ರೂಪಾಯಿ ಬೇಕಾಗುತ್ತಿತ್ತು. ಈ ನಷ್ಟ ತುಂಬಲು ಸರ್ಕಾರ ತೆರಿಗೆಗಳನ್ನು ಏರಿಸಿತ್ತು. ಮುಂದೆ ರೂಪಾಯಿಯ ಬೆಲೆ 16 ಪೆನ್ಸಿಗೆ ಏರಿತು. ಆಗ ಒಂದು ಪೌಂಡಿಗೆ 15 ರೂಪಾಯಿ ಸಾಕಾಯಿತು. ಖರ್ಚು ಇಳಿಯಿತು, ತೆರಿಗೆ ಮಾತ್ರ ಇಳಿಯಲಿಲ್ಲ. ಆದ್ದರಿಂದ ಈ ಉಳಿತಾಯ ಜನರ ಸಮೃದ್ಧಿಯ ಗುರುತಲ್ಲ, ಬರ ಮತ್ತು ಪ್ಲೇಗುಗಳಿಂದ ಬೆಂದ ಜನರಿಂದ ಬೇಕಾದುದಕ್ಕಿಂತ ಹೆಚ್ಚು ವಸೂಲು ಮಾಡಿದುದರ ಗುರುತು ಎಂದು ಅವರು ತೋರಿಸಿಕೊಟ್ಟರು. ಬಡವನ ಗಂಜಿಗೆ ಬೀಳುವ ಉಪ್ಪಿಗೆ ಮಣಕ್ಕೆ ಎರಡೂವರೆ ರೂಪಾಯಿ ತೆರಿಗೆ ಏಕೆಂದು ಕೇಳಿದರು. ನಮ್ಮ ಗಿರಣಿಗಳ ಬಟ್ಟೆಯ ಮೇಲೆ ನೂರಕ್ಕೆ ಮೂರೂವರೆಯಂತೆ ಹಾಕಿದ್ದ ಸುಂಕವನ್ನು ಟೀಕಿಸಿದರು. ಸೊಲ್ಲಾಪುರದಂಥ ಗಿರಣಿ ಊರಿಗೆ ಅದರ ಬಿಸಿ ತಟ್ಟಿತ್ತು. ಸೈನ್ಯಕ್ಕೆ ಸುರಿಯುವ ಹಣ ಎಷ್ಟು, ಶಾಲೆಗೆ ಕೊಡುವ ಹಣ ಎಷ್ಟು ಎಂದು ಎರಡನ್ನೂ ಅಕ್ಕಪಕ್ಕದಲ್ಲಿಟ್ಟರು.

ಸಭೆಯಲ್ಲಿ ಬೈಗುಳವಿಲ್ಲ, ಆರ್ಭಟವಿಲ್ಲ. ಅಂಕಿಗಳೆಲ್ಲ ಸರ್ಕಾರದ ವರದಿಗಳಿಂದಲೇ ತೆಗೆದವು. ಹೀಗಾಗಿ ಅಲ್ಲಗಳೆಯುವುದು ಅಧಿಕಾರಿಗಳಿಗೆ ಸುಲಭವಾಗಲಿಲ್ಲ. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಅವರ ಭಾಷಣಕ್ಕಾಗಿ ದೇಶವೇ ಕಾಯತೊಡಗಿತು. ಫಲವೂ ಕಾಣದಿರಲಿಲ್ಲ. ಉಪ್ಪಿನ ತೆರಿಗೆ 1903ರಲ್ಲಿ 2 ರೂಪಾಯಿಗೆ, 1905ರಲ್ಲಿ ಒಂದೂವರೆಗೆ, 1907ರಲ್ಲಿ 1 ರೂಪಾಯಿಗೆ ಇಳಿಯಿತು. ಮತದ ಬಲವಿಲ್ಲದವನು ಸತ್ಯದ ಬಲದಿಂದ ಏನು ಮಾಡಬಲ್ಲನೆಂಬುದಕ್ಕೆ ಇದು ಸಾಕ್ಷಿ.

1905ರಲ್ಲಿ ಅವರು ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಕಾಶಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. 1909ರ ಕಾಯಿದೆಯಿಂದ ಮರುಪ್ರಶ್ನೆ ಕೇಳುವ ಮತ್ತು ಠರಾವು ಮಂಡಿಸುವ ಹಕ್ಕುಗಳು ಬಂದವು. ಗೋಖಲೆಯವರು ಅವನ್ನು ಕೂಡಲೇ ಬಳಸಿಕೊಂಡರು. ದಕ್ಷಿಣ ಆಫ್ರಿಕೆಯ ನೇಟಾಲಕ್ಕೆ ಕರಾರಿನ ಕೂಲಿಗಳನ್ನು ಕಳಿಸುವುದನ್ನು ನಿಲ್ಲಿಸಬೇಕೆಂದು 1910ರಲ್ಲಿ ಅವರು ತಂದ ಠರಾವನ್ನು ಸರ್ಕಾರ ಒಪ್ಪಿಕೊಂಡಿತು. 1911ರಲ್ಲಿ ಅದು ನಿಂತಿತು.

ಆದರೆ ಅವರ ಹೃದಯಕ್ಕೆ ಹತ್ತಿರವಾದ ಪ್ರಶ್ನೆ ಮಕ್ಕಳ ಶಿಕ್ಷಣದ್ದು. ಆಗ ಐದು ಹಳ್ಳಿಗಳಲ್ಲಿ ನಾಲ್ಕಕ್ಕೆ ಶಾಲೆಯೇ ಇರಲಿಲ್ಲ. ಬಡೋದೆಯಲ್ಲಿ ಸಯಾಜಿರಾವ್ ಮಹಾರಾಜರು ಕಡ್ಡಾಯ ಶಿಕ್ಷಣವನ್ನು 1906ರಲ್ಲಿ ಸಂಸ್ಥಾನದ ತುಂಬ ಜಾರಿಗೆ ತಂದಿದ್ದರು. ಒಂದು ಸಂಸ್ಥಾನಕ್ಕೆ ಸಾಧ್ಯವಾದದ್ದು ಬ್ರಿಟಿಷ್ ಸರ್ಕಾರಕ್ಕೆ ಏಕೆ ಸಾಧ್ಯವಿಲ್ಲವೆಂದು ಗೋಖಲೆಯವರು ಕೇಳಿದರು. 1911ರ ಮಾರ್ಚ್ 16ರಂದು ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ಮಂಡಿಸಿದರು. ಸ್ಥಳೀಯ ಸಂಸ್ಥೆಗಳು ಇಷ್ಟಪಟ್ಟಲ್ಲಿ 6ರಿಂದ 10 ವರ್ಷದ ಗಂಡುಮಕ್ಕಳಿಗೆ ಶಾಲೆ ಕಡ್ಡಾಯ. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ಗಳಿಸುವ ತಂದೆಯ ಮಕ್ಕಳಿಗೆ ಫೀ ಇಲ್ಲ. ಕೇಳಿದ್ದು ಇಷ್ಟು ಸ್ವಲ್ಪ. ಆದರೂ 1912ರ ಮಾರ್ಚಿನಲ್ಲಿ 13ಕ್ಕೆ ಎದುರಾಗಿ 38 ಮತಗಳಿಂದ ಮಸೂದೆ ಬಿದ್ದುಹೋಯಿತು. ಅವರು ಕೋಪಗೊಳ್ಳಲಿಲ್ಲ. ತಮ್ಮ ತಲೆಮಾರಿನವರು ಸೋಲುಗಳಿಂದಲೇ ದೇಶಸೇವೆ ಮಾಡಬೇಕಾಗಿದೆ, ಗೆಲ್ಲುವವರು ಮುಂದೆ ಬರುತ್ತಾರೆ ಎಂಬುದು ಅವರ ನಂಬಿಕೆಯಾಗಿತ್ತು.

ಅತಿಯಾದ ದುಡಿಮೆಯಿಂದ ಅವರ ದೇಹ ಸವೆದಿತ್ತು. 1914ರಲ್ಲಿ ಸರ್ಕಾರ ಕೊಡಲು ಬಂದ ಸರ್ ಪದವಿಯನ್ನು ಬೇಡವೆಂದರು. 1915ರ ಫೆಬ್ರವರಿ 19ರಂದು, ನಲವತ್ತೊಂಬತ್ತು ತುಂಬುವ ಮೊದಲೇ, ಪುಣೆಯಲ್ಲಿ ನಿಧನರಾದರು. ರಾಜಕೀಯದಲ್ಲಿ ಅವರ ಕಟ್ಟಾ ಎದುರಾಳಿಯಾಗಿದ್ದ ಲೋಕಮಾನ್ಯ ತಿಲಕರು ಸ್ಮಶಾನಕ್ಕೆ ಬಂದು ಅವರನ್ನು ದೇಶದ ರತ್ನವೆಂದು ಕೊಂಡಾಡಿದರು. ನಮ್ಮ ಡಿ.ವಿ.ಜಿ.ಯವರು ಗೋಖಲೆಯವರನ್ನು ಗುರುಸ್ಥಾನದಲ್ಲಿಟ್ಟು ಕನ್ನಡದಲ್ಲಿ ಅವರ ಚರಿತ್ರೆ ಬರೆದರು. 1945ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನಿಂದ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು.

1912ರಲ್ಲಿ ಬಿದ್ದ ಮಸೂದೆ ಬೇರೆ ರೂಪದಲ್ಲಿ ಮತ್ತೆ ಎದ್ದಿತು. 2009ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಂತೆ 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಉಚಿತ ಶಿಕ್ಷಣ ಹಕ್ಕಾಗಿದೆ. ಗೋಖಲೆಯವರು ಕಾಣದ ಗೆಲುವು ನಿಮ್ಮ ಪಾಲಿಗೆ ಬಂದಿದೆ.

ಮಕ್ಕಳೇ, ಒಂದು ವರ್ಷ ನಮ್ಮ ಕನ್ನಡ ವರ್ಗಗಳಿಗೆ ಪಠ್ಯಪುಸ್ತಕಗಳು ಬಹಳ ತಡವಾಗಿ ಬಂದವು. ನಾವೆಲ್ಲ ಸ್ಟಾಫ್ ರೂಮಿನಲ್ಲಿ ಕುಳಿತು ಗೊಣಗಿದೆವು. ಯಾವ ವರ್ಗಕ್ಕೆ ಎಷ್ಟು ಪುಸ್ತಕ ಬೇಕಾಗಿತ್ತು, ಎಷ್ಟು ಬಂದವು, ಯಾವ ತಾರೀಖಿಗೆ ಬಂದವು ಎಂದು ಒಂದು ಹಾಳೆಯಲ್ಲಿ ಬರೆದು ಆಮದಾರರಿಗೆ ಕೊಡಬೇಕೆಂದು ನನಗೂ ತೋಚಲಿಲ್ಲ. ಗೋಖಲೆಯವರ ಚರಿತ್ರೆಯನ್ನು ಮತ್ತೆ ಓದಿದಾಗ ನನಗೆ ನಾಚಿಕೆಯಾಯಿತು. ಸಭೆಯಲ್ಲಿ ಪ್ರಶ್ನೆ ಕೇಳುವವರು ಒಬ್ಬರಾದರೂ ಆ ಪ್ರಶ್ನೆಗೆ ಬೇಕಾದ ಅಂಕಿಗಳು ನಮ್ಮಂಥವರ ಊರಿನಿಂದಲೇ ಹೋಗಬೇಕು. ಜೋಶಿ ಮಾಸ್ತರರು ಮಾಡಿದ್ದು ಅದನ್ನೇ.

ನಾಳೆ ನಿಮ್ಮಲ್ಲಿ ಯಾರೋ ಒಬ್ಬರು ಶಾಸನಸಭೆಗೆ ಹೋಗಬಹುದು. ಹೋಗದಿದ್ದವರೂ ಪ್ರಜೆಗಳೇ. ಗೊಣಗುವುದನ್ನು ಬಿಟ್ಟು ಲೆಕ್ಕ ಕೇಳುವುದನ್ನು ಕಲಿಯಿರಿ. ಕೇಳುವ ಮೊದಲು ಸತ್ಯವನ್ನು ತೂಗಿ ನೋಡಿರಿ. ತಪ್ಪಿದರೆ ಒಪ್ಪಿಕೊಳ್ಳಿರಿ. ಅದೇ ನಾವು ಆ ಮಹಾನುಭಾವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.